ಎಡಗಡೆಯ ಸ್ಪೀಕರ್

ಹಾಡುಗಾರ್ತಿ ಬಲಕ್ಕೆ ಸರಿದಿದ್ದಾಳೆ — ಅರೆ, ಇವಳು ನಡುವೆ ಇರಬೇಕಿತ್ತಲ್ಲ, ಎರಡೂ ಸ್ಪೀಕರುಗಳ ದನಿ ಕೂಡುವ ನಟ್ಟನಡುವೆ, ಆ ಖಾಲಿ ಗೋಡೆಯ ಮುಂದೆ, ಹದಿನೆಂಟು ವರ್ಷದಿಂದ ಅವನು ಇದೇ ಕೋಣೆಯಲ್ಲಿ ಇದೇ ಕುರ್ಚಿಯಲ್ಲಿ ಕೂತು ಗಿರಾಕಿಗಳಿಗೆ ಇದೇ ಹಾಡು ಹಾಕುತ್ತಾ ಬಂದಿದ್ದಾನೆ, ಒಂದು ದಿನವೂ ಅವಳು ಜಾಗ ಬಿಟ್ಟು ಕದಲಿದವಳಲ್ಲ, ಇವತ್ತು ನೋಡಿದರೆ ಬಲಗಡೆಯ ಸ್ಪೀಕರಿಗೆ ಒರಗಿಕೊಂಡು ಹಾಡುತ್ತಿದ್ದಾಳೆ, ಎಡಗಡೆಯದು ಬಾಯಿಗೆ ಬಟ್ಟೆ ತುರುಕಿದ ಹಾಗೆ ಬಿದ್ದಿದೆ. ವೈರು ಸಡಿಲವಾಗಿರಬೇಕು, ಅಷ್ಟೇ. ಹಿಂದೆ ಸೋಫಾದಲ್ಲಿ ಹಲ್ಲಿನ ಡಾಕ್ಟರಮ್ಮ ಕೂತಿದ್ದಾರೆ, ಅವರ ಪಕ್ಕ ಭಾವ, ಅಂದರೆ ಹೆಂಡತಿಯ ಅಣ್ಣ, ಅಂಗಡಿಯ ಯಜಮಾನ, ಬೆಳಿಗ್ಗೆ ಬೆಳಿಗ್ಗೆಯೇ ಎರಡು ಸಲ ಹೇಳಿಯಾಗಿದೆ, ನಮ್ಮ ಕಿವಿ ಮಾಸ್ತರ್ರು ಒಂದ್ಸಲ ಹೂಂ ಅಂದ್ರೆ ಮುಗೀತು ಡಾಕ್ಟ್ರೇ, ಆಮೇಲೆ ಮರುಮಾತಿಲ್ಲ. ಡಾಕ್ಟರಮ್ಮನ ಮನೆಯಲ್ಲಿ ಈಗಾಗಲೇ ಇಂಥದೇ ಒಂದು ಜೊತೆ ಸ್ಪೀಕರ್ ಇದೆ, ಎದೆಮಟ್ಟದ ಎತ್ತರ, ಕರೆಂಟು ಕುಡಿಯುವುದರಲ್ಲಿ ರಾಕ್ಷಸರು, ಈಗಿನ ಆಂಪ್ಲಿಫೈಯರ್ ದನಿ ಸ್ವಲ್ಪ ಏರಿಸಿದರೆ ಸಾಕು ಏದುಸಿರು ಬಿಡುತ್ತದಂತೆ, ಅದಕ್ಕೆ ತಕ್ಕ ಬಲದ ಹೊಸ ಪವರ್ ಆಂಪ್ಲಿಫೈಯರ್ ಆರಿಸಿಕೊಡಬೇಕು. ಎರಡಿವೆ ಮೇಜಿನ ಮೇಲೆ. ಒಂದು ಚಿಕ್ಕದು, ಮೈಮೇಲೆ ಗಾಜಿನ ವಾಲ್ವುಗಳು, ನೋಡಲು ಮುದ್ದು. ಇನ್ನೊಂದು ಭಾರದ್ದು, ಎತ್ತುವುದಕ್ಕೆ ಇಬ್ಬರು ಬೇಕು, ಮುಂದೆ ಎರಡು ಮುಳ್ಳಿನ ಮೀಟರು, ಎಡದ್ದೊಂದು, ಬಲದ್ದೊಂದು. ಈಗ ಹಾಡುತ್ತಿರುವುದು ಚಿಕ್ಕದು. ಎಡಗಡೆಯ ವಾಲ್ವ್ ಕೈಕೊಟ್ಟಿರಬೇಕು, ಇಲ್ಲ ವೈರು. ಒಂದ್ನಿಮಿಷ, ಎಂದು ಅವನು ಎದ್ದ. ಚೆನ್ನಾಗೇ ಬರ್ತಿದೆಯಲ್ಲ, ಏನಾಯ್ತು? — ಡಾಕ್ಟರಮ್ಮ ಕೇಳಿದ್ದು ಯಾವ ಕಡೆಯಿಂದ ಎಂದು ತಿಳಿಯದೆ ಅವನು ತಪ್ಪು ಕಡೆ ತಿರುಗಿದ.

ವೈರು ಬಿಗಿಯಾಗಿಯೇ ಇತ್ತು. ಸರಿ, ಹಾಗಿದ್ದರೆ ಎಡಬಲ ಅದಲುಬದಲು ಮಾಡೋಣ, ಕಸುಬಿನ ಮೊದಲ ಪಾಠ, ದೋಷ ಯಂತ್ರದಲ್ಲಿದ್ದರೆ ದೋಷವೂ ಆಚೆಗೆ ದಾಟುತ್ತದೆ, ಬಲದ್ದು ಮೂಕವಾಗುತ್ತದೆ, ಆಗ ಕಳ್ಳ ಸಿಕ್ಕಿಬಿದ್ದ ಹಾಗೆ. ಬೆರಳು ಯಾಕೆ ಹೀಗೆ ಬೆವರುತ್ತಿವೆ, ತಿರುಪು ಜಾರುತ್ತಿದೆ. ಹಾಕಿದ, ಬಂದು ಕೂತ, ಅವಳು ಹಾಡಿದಳು, ಬಲಗಡೆಯಿಂದಲೇ. ಇರಲಿ, ಇರಲಿ, ಸ್ಪೀಕರಿನದೇ ತೊಂದರೆ ಇರಬೇಕು. ಎದ್ದು ಹೋಗಿ ಎಡಗಡೆಯ ಸ್ಪೀಕರಿನ ಮುಂದೆ ಮಂಡಿಯೂರಿ ಬಲಗಿವಿ ಕೊಟ್ಟ — ಗಂಟಲು ಬಿಟ್ಟು ಹಾಡುತ್ತಿದೆ, ತುಂಬುಗಂಟಲಲ್ಲಿ, ಏನೂ ಆಗಿಲ್ಲ ಅದಕ್ಕೆ. ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಎಡಗಿವಿ ಗಪ್ಪೆಂದಿತ್ತು, ನೀರು ಹೋಗಿದೆ ಎಂದುಕೊಂಡು ಟವೆಲಿನ ತುದಿ ಹಾಕಿ ತಿರುವಿದ್ದ, ಒಂಟಿ ಕಾಲಲ್ಲಿ ಕುಣಿದಿದ್ದ, ನೀರು ಬರಲಿಲ್ಲ, ಬರುತ್ತೆ ಬಿಡು ಎಂದು ಶರ್ಟು ಹಾಕಿಕೊಂಡಿದ್ದ. ಅಡುಗೆಮನೆಯಿಂದ ಹೆಂಡತಿ, ಮೂರು ಸಲ ಕರೆದೆ ರೀ, ಕಿವಿ ಕೇಳಲ್ವಾ ನಿಮಗೆ? ಅವನು ನಕ್ಕಿದ್ದ, ಕೇಳ್ತದಮ್ಮಾ, ಕಿವಿ ಇಲ್ಲದಿದ್ರೆ ನಿಮ್ಮಣ್ಣ ನನ್ನ ಯಾಕೆ ಇಟ್ಕೊಂಡಿರ್ತಾನೆ, ಎಂದು — ಬಾಯಿಗೆ ಬೆಂಕಿ ಹಾಕ, ಎಂಥ ಮಾತಾಡಿಬಿಟ್ಟೆ.

ದೊಡ್ಡದಕ್ಕೆ ಹಾಕ್ತೀನಿ ಭಾವ, ಎಂದ ಅವನು. ಭಾರದ ಯಂತ್ರಕ್ಕೆ ವೈರು ಬದಲಾಯಿತು, ಮೀಟರಿನ ದೀಪ ಹತ್ತಿತು, ಮುಳ್ಳುಗಳು ಎದ್ದವು, ಎರಡೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಿಲ್ಲ, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಹೋಗುತ್ತಿದೆ ನೋಡಿಕೋ ಎಂದು ಕಣ್ಣಿಗೆ ಕುಕ್ಕುತ್ತಿವೆ, ಅವಳು ಮಾತ್ರ ಬಲಗಡೆ ನಿಂತಿದ್ದಾಳೆ. ಇನ್ನೊಂದೇ ಪರೀಕ್ಷೆ ಬಾಕಿ. ಅದು ಅವನಿಗೆ ಆಗಲೇ ಹೊಳೆದಿತ್ತು, ಹೊಳೆದದ್ದನ್ನು ಕಾಲಿನಿಂದ ಒತ್ತಿ ಹಿಡಿದಿದ್ದ. ಕುರ್ಚಿಯನ್ನು ಎತ್ತಿ ಹಿಂದುಮುಂದಾಗಿ ತಿರುಗಿಸಿ ಕೂತ, ಈಗ ಸ್ಪೀಕರುಗಳಿಗೆ ಬೆನ್ನು, ಎದುರಿಗೆ ಡಾಕ್ಟರಮ್ಮ ಹುಬ್ಬೇರಿಸಿಕೊಂಡು, ಭಾವ ಬಾಯಿ ತೆರೆದುಕೊಂಡು. ದೇವರೇ, ಎಡಕ್ಕೆ ಬಾ, ಎಡಕ್ಕೆ ಬಾರಮ್ಮಾ. ಕೋಣೆಯಲ್ಲಿ ಏನೂ ಅಲುಗಿಲ್ಲ, ತಿರುಗಿದವನು ಅವನೊಬ್ಬನೇ, ದೋಷ ಯಂತ್ರದ್ದಾದರೆ ಎಲ್ಲಿತ್ತೋ ಅಲ್ಲೇ ಇರಬೇಕು, ಅವಳು ಈಗ ಅವನ ಎಡಕ್ಕೆ ಬರಬೇಕು — ಅವಳು ಅವನ ಜೊತೆಯಲ್ಲೇ ತಿರುಗಿ ಬಂದು ಅವನ ಬಲ ಭುಜದ ಹಿಂದೆ ನಿಂತು ಹಾಡಿದಳು. ಕಳ್ಳ ಸಿಕ್ಕಿಬಿದ್ದಿದ್ದ.

ಭಾವ ಪಕ್ಕಕ್ಕೆ ಬಂದು, ಎಡಪಕ್ಕಕ್ಕೆ, ಏನೋ ಪಿಸುಗುಟ್ಟಿದ, ತುಟಿ ಅಲುಗಿತು, ಮಾತಿಲ್ಲ. ಅವನು ತಲೆ ತಿರುಗಿಸಿ ಬಲಗಿವಿ ಕೊಟ್ಟ. ಏನಯ್ಯಾ ಇದು ನಾಟಕ, ದೊಡ್ಡದೇ ಒಳ್ಳೇದು ಅಂತ ಹೇಳಿ ಮುಗಿಸು, ಹೇಗೂ ನಿನಗೆ ಗೊತ್ತಲ್ಲ. ಗೊತ್ತು. ಲೆಕ್ಕದ ಪ್ರಕಾರ ದೊಡ್ಡದೇ, ಆ ರಾಕ್ಷಸ ಸ್ಪೀಕರುಗಳನ್ನು ಚಿಕ್ಕದು ತಾಳಲಾರದು, ಇದನ್ನು ಹೇಳಲು ಕಿವಿಯೇ ಬೇಕಾಗಿಲ್ಲ, ಹೂಂ ಅಂದರೆ ಸುಳ್ಳೂ ಆಗುವುದಿಲ್ಲ, ಅನ್ನು, ಅಂದುಬಿಡು, ಇವತ್ತು ಹೂಂ, ನಾಳೆ ಇನ್ನೊಬ್ಬ ಗಿರಾಕಿಗೆ ಹೂಂ, ಮೀಟರು ನೋಡಿಕೊಂಡು ಹೂಂ, ಎಷ್ಟು ದಿನ, ಯಾರಿಗೆ ಮೊದಲು ಗೊತ್ತಾಗುತ್ತದೆ, ಭಾವನಿಗೋ ಹೆಂಡತಿಗೋ — ಡಾಕ್ಟರಮ್ಮ ಎದ್ದು ಬಂದಿದ್ದರು. ಏನ್ರೀ, ಮುಖ ಬಿಳಿಚ್ಕೊಂಡಿದೆ? ಮಾತು ತಾನಾಗಿ ಬಂತು, ಬೇರೆ ಯಾರೋ ಆಡಿದ ಹಾಗೆ, ನನ್ನ ಎಡಗಿವಿ ಕೇಳ್ತಿಲ್ಲ ಡಾಕ್ಟ್ರೇ, ಇವತ್ತು ನನ್ನ ಮಾತು ನಂಬ್ಕೊಂಡು ಏನೂ ತಗೋಬೇಡಿ. ಭಾವ ನಕ್ಕ, ತಮಾಷೆ ಮಾಡ್ತಾನೆ, ಎಂದ. ಡಾಕ್ಟರಮ್ಮ ನಗಲಿಲ್ಲ. ಯಾವಾಗಿಂದ? ಬೆಳಿಗ್ಗೆಯಿಂದ. ತಲೆ ತಿರುಗುತ್ತಾ? ಇಲ್ಲ. ಒಳಗೆ ಗುಂಯ್ ಅನ್ನುತ್ತಾ? ಅನ್ನುತ್ತೆ, ಸಣ್ಣಗೆ. ಅವರು ಆಗಲೇ ಕಾರಿನ ಕೀ ಹಿಡಿದಿದ್ದರು. ಈಗಲೇ ಹೊರಡಿ, ನಾಳೆ ನೋಡೋಣ ಅನ್ನೋ ಕಾಯಿಲೆ ಅಲ್ಲ ಇದು. ಭಾವನ ನಗು ಮುಖದ ಮೇಲೆ ಹಾಗೇ ಉಳಿದು ಹಳಸಿಹೋಯಿತು, ಆಮೇಲೆ ಅವನು ಓಡಿಹೋಗಿ ಇವನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟ, ಹದಿನೆಂಟು ವರ್ಷದಲ್ಲಿ ಭಾವ ಯಾರ ಚಪ್ಪಲಿಯನ್ನೂ ಮುಟ್ಟಿದವನಲ್ಲ, ಅದನ್ನು ನೋಡಿಯೇ ಇವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಕಾರಿನಲ್ಲಿ ಡಾಕ್ಟರಮ್ಮ ಬಲಗಡೆ ಸ್ಟೀರಿಂಗ್ ಹಿಡಿದಿದ್ದರು, ಅದೊಂದು ಪುಣ್ಯ, ಅವರ ಮಾತು ಕೇಳುತ್ತಿತ್ತು, ಎಡಗಡೆಯ ರಸ್ತೆ ಮಾತ್ರ ಮೂಕಿ ಚಿತ್ರ, ಬಸ್ಸು ಸದ್ದಿಲ್ಲದೆ ಬಂದು ಕಿಟಕಿ ತುಂಬಿಕೊಂಡಾಗ ಅವನು ಬೆಚ್ಚಿ ಕೈ ಅಡ್ಡ ಹಿಡಿದ. ಕಿವಿಯಲ್ಲಿ ಬರೀ ಗುಗ್ಗೆ ಕಟ್ಟಿಕೊಂಡಿರಬಹುದು ಕಣ್ರೀ, ಹಾಗಿದ್ರೆ ಏನೂ ಇಲ್ಲ, ತೆಗೆದುಹಾಕ್ತಾರೆ. ಕವಲು ಕಡ್ಡಿಯಂಥ ಒಂದು ಉಕ್ಕಿನ ಫೋರ್ಕ್ ಇರುತ್ತೆ, ಅದನ್ನು ಬಡಿದು ಹಣೆ ಮೇಲಿಡ್ತಾರೆ. ಸದ್ದು ಕೆಟ್ಟ ಕಿವಿ ಕಡೆ ಹೋದ್ರೆ ಗುಗ್ಗೆ. ಇಲ್ಲಾಂದ್ರೆ? ಇಲ್ಲಾಂದ್ರೆ ನರ. ಅದಕ್ಕೂ ಔಷಧಿ ಇದೆ, ಬೇಗ ಶುರು ಮಾಡಿದ್ರೆ ಎಷ್ಟೋ ಜನಕ್ಕೆ ವಾಪಸ್ ಬರುತ್ತೆ. ಎಷ್ಟೋ ಜನಕ್ಕೆ, ಎಲ್ಲರಿಗೂ ಅಲ್ಲ, ಅವನು ಆ ಮಾತನ್ನು ನಾಲಿಗೆಯಲ್ಲಿ ಹೊರಳಿಸಿದ. ಅಂದಹಾಗೆ ನಂಗೆ ದೊಡ್ಡದೇ ಇಷ್ಟ ಆಯ್ತು, ಎಂದರು ಅವರು, ಅವನ ಮನಸ್ಸು ಬೇರೆ ಕಡೆ ಎಳೆಯಲೆಂದೇ ಇರಬೇಕು, ಅದರಲ್ಲಿ ಹಾಡೋದಕ್ಕೆ ಮುಂಚೆ ಆಕೆ ಉಸಿರು ತಗೊಂಡಿದ್ದು ಕೇಳಿಸ್ತು. ಅವನಿಗೆ ಕೇಳಿಸಿರಲಿಲ್ಲ. ಸರಿಯಾದ್ದನ್ನೇ ಆರಿಸಿದ್ದಾರೆ, ಅವನ ಸಹಾಯವಿಲ್ಲದೆ. ಗುಗ್ಗೆಯೇ ಆಗಿರಲಿ, ಕಿವಿ ತುಂಬ ಗುಗ್ಗೆ ಇರಲಿ, ಬುಟ್ಟಿಗಟ್ಟಲೆ ಇರಲಿ, ಕೊಳಕ ಎಂದು ಲೋಕವೆಲ್ಲ ನಗಲಿ.

ಕಿವಿ ಡಾಕ್ಟರು ಸಣ್ಣ ದೀಪ ಹಾಕಿ ಇಣುಕಿದರು, ಏನಾದ್ರೂ ಇದೆಯಾ ಒಳಗೆ, ಎಂದು ಅವನು ಕೇಳಿದ, ಚೊಕ್ಕಟವಾಗಿದೆ, ಎಂದರು, ಚೊಕ್ಕಟ ಎಂಬ ಮಾತಿಗೆ ಯಾವತ್ತೂ ಇಷ್ಟು ಹೆದರಿದವನಲ್ಲ. ಉಕ್ಕಿನ ಫೋರ್ಕನ್ನು ಮೊಣಕೈಗೆ ಬಡಿದರು, ಅದರ ಎರಡು ಕವಲು ಅದುರುವುದು ಕಾಣುತ್ತಿತ್ತು, ತಣ್ಣಗೆ ತಂದು ಹಣೆಯ ನಟ್ಟನಡುವೆ ಊರಿದರು, ನಡುವೆ ಇಟ್ಟಿದ್ದೀನಿ ನೋಡಿ, ಯಾವ ಕಡೆ ಕೇಳ್ತಿದೆ, ನಿಧಾನವಾಗಿ ಹೇಳಿ, ಅವಸರ ಇಲ್ಲ. ಬಾಗಿಲ ಹತ್ತಿರ ಡಾಕ್ಟರಮ್ಮ ಕಾರಿನ ಕೀ ಹಿಡಿದು ನಿಂತಿದ್ದಾರೆ, ಎಡ ಅನ್ನಬೇಕು, ಎಡ ಅಂದುಬಿಟ್ಟರೆ ಎಡವೇ ಆಗುತ್ತದೇನೋ, ಬಾಗಿಲು ತೆರೆದು ಮನೆಗೆ ಹೋಗಬಹುದೇನೋ, ಅವನು ಕಣ್ಣು ಮುಚ್ಚಿದ, ತಲೆಬುರುಡೆಯ ಕತ್ತಲಲ್ಲಿ ಹುಡುಕಿದ, ನಡುವೆ ಹುಡುಕಿದ, ಎಡಕ್ಕೆ ಹುಡುಕಿದ, ಖಾಲಿ ಗೋಡೆ, ಮತ್ತೂ ಖಾಲಿ ಗೋಡೆ — ಅವಳು ಬಲಗಡೆ ನಿಂತಿದ್ದಾಳೆ, ಬಲಗಡೆ, ಒಬ್ಬಳೇ, ಬಲಗಡೆ.