ಖಾಲಿ ರೀಲಿನ ಅಳತೆ

ನಮ್ಮ ಮನೆಯಲ್ಲಿ ನಾನು ನಿಜ ಹೇಳಿದರೆ ಮೊದಲು ನನ್ನ ಚೀಲ ತಪಾಸಣೆಯಾಗುತ್ತದೆ. ತಪ್ಪು ಅವರದಲ್ಲ. ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದವನೂ ನಾನೇ, ಫೋನಿನಲ್ಲಿ ಅಪ್ಪನ ಸಾಹೇಬರ ದನಿ ಮಾಡಿ ಅವರ ರಜೆ ರದ್ದು ಮಾಡಿದವನೂ ನಾನೇ. ಹಾಗಾಗಿ ಆ ಭಾನುವಾರ ಅಜ್ಜಿಯ ಮುಂದೆ ನಿಂತು, ಒಂದು ಫೋಟೋನೂ ಬಂದಿಲ್ಲ ಎಂದಾಗ ಅವಳು ನಿಧಾನವಾಗಿ ಕನ್ನಡಕ ಒರೆಸಿಕೊಂಡಳು.

"ಸರಿ, ಆಯ್ತಲ್ಲ ನಿನ್ನ ನಾಟಕ? ಈಗ ಫೋಟೋ ಕವರ್ ತೆಗಿ."

ಫ್ಲ್ಯಾಷ್‌ಬ್ಯಾಕ್ ಇಲ್ಲದೆ ಈ ಕಥೆ ಓಡುವುದಿಲ್ಲ, ಹಾಕಿಬಿಡುತ್ತೇನೆ. ಅಜ್ಜಿ ಮತ್ತು ಅವಳ ಅಕ್ಕ, ಅಂದರೆ ನಮ್ಮ ದೊಡ್ಡಜ್ಜಿ, ಮೂವತ್ತು ವರ್ಷ ಒಂದೇ ಹೊಲಿಗೆ ಅಂಗಡಿ ನಡೆಸಿದವರು. ಅಳತೆ ತೆಗೆಯುವುದು ಅಕ್ಕ, ಕತ್ತರಿಸಿ ಹೊಲಿಯುವುದು ತಂಗಿ. ಒಂದು ದಿನ ಬ್ಯಾಂಡ್ ಮಾಸ್ತರರ ಕೋಟಿನ ತೋಳು ಅರ್ಧ ಇಂಚು ಗಿಡ್ಡವಾಯಿತು. ನಿನ್ನ ಅಳತೆ ತಪ್ಪು ಎಂದು ತಂಗಿ, ನಿನ್ನ ಕತ್ತರಿ ತಪ್ಪು ಎಂದು ಅಕ್ಕ. ಅಷ್ಟಕ್ಕೇ ಅಕ್ಕ ಅಂಗಡಿ ಬಿಟ್ಟಳು, ಹನ್ನೊಂದು ವರ್ಷ ಮಾತಿಲ್ಲ, ಕಥೆಯಿಲ್ಲ. ಅರ್ಧ ಇಂಚಿನ ವಿಲನ್ ಇಷ್ಟು ವರ್ಷ ಓಡಿದ್ದು ಯಾವ ಸಿನಿಮಾದಲ್ಲೂ ಇಲ್ಲ.

ಕಳೆದ ತಿಂಗಳು ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತಾರೆಂದು ಗೊತ್ತಾಯಿತು. ಕೊನೆಯ ದಿನ ಅಜ್ಜಿ ಸಾಮಾನು ಕಟ್ಟುತ್ತಿದ್ದಾಗ, ಯಾರೂ ಕರೆಯದೆ ದೊಡ್ಡಜ್ಜಿ ಬಾಗಿಲಲ್ಲಿ ಬಂದು ನಿಂತಳು. ಎಂಟ್ರಿ ಅಂದರೆ ಅದು. ಹಿನ್ನೆಲೆ ಸಂಗೀತಕ್ಕೆ ಇಸ್ತ್ರಿಪೆಟ್ಟಿಗೆ ಬುಸ್ ಎಂದಿತು. ನಾನು ಮಾವನ ಕ್ಯಾಮೆರಾಕ್ಕೆ ರೀಲು ತುಂಬಿ ಮೂವತ್ತಾರು ಫೋಟೋ ಹೊಡೆದೆ. ಇಬ್ಬರೂ ಕತ್ತರಿಸುವ ಮೇಜಿನ ಎರಡು ತುದಿ ಹಿಡಿದು ನಿಂತದ್ದು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದ ಗಿರಾಕಿಗಳ ಸೊಂಟ, ಎದೆ, ತೋಳು. ದೊಡ್ಡಜ್ಜಿ ತನ್ನ ಹಳೇ ಸ್ಟೂಲಿನ ಮೇಲೆ ಕೂತು ಹುಡುಗಿಯ ಹಾಗೆ ಕಾಲು ಆಡಿಸಿದ್ದು. ಮೂರು ದಿನ ಕಳೆಯುವುದರೊಳಗೆ ಅಲ್ಲಿ ಗೋಡೆಯೂ ಇರಲಿಲ್ಲ, ಕಟ್ಟಡವೂ ಇರಲಿಲ್ಲ.

ಹೊರಡುವಾಗ ದೊಡ್ಡಜ್ಜಿ ಬಿಗುಮಾನ ಬಿಟ್ಟಿರಲಿಲ್ಲ. "ಫೋಟೋ ಬಂದ್ಮೇಲೆ ಮನೆಗೆ ಬರ್ತೀನಿ. ಬರೀ ಫೋಟೋ ನೋಡೋಕೆ. ಕೂತ್ಕೊಳ್ಳೋದಕ್ಕಲ್ಲ."

ಅಜ್ಜಿಗೆ ಅಷ್ಟೇ ಸಾಕಿತ್ತು. ಅಕ್ಕ ಒಮ್ಮೆ ಹೊಸ್ತಿಲು ದಾಟಲಿ, ಆಮೇಲೆ ಕೂರಿಸುವುದು ಹೇಗೆಂದು ನನಗೆ ಗೊತ್ತು ಎಂದು ಇಡೀ ತಿಂಗಳು ಎಲ್ಲರ ಕಿವಿ ಕೊರೆದಳು.

ಶನಿವಾರ ಸ್ಟುಡಿಯೋಗೆ ಹೋದೆ. ಅಲ್ಲಿನ ಸ್ಮೈಲ್ ಅಂಕಲ್ ಎಲ್ಲರಿಗೂ ನಗಿ ನಗಿ ಎನ್ನುತ್ತಾರೆಯೇ ಹೊರತು ತಾವು ನಕ್ಕಿದ್ದನ್ನು ಕಂಡವರಿಲ್ಲ. ತೊಳೆದ ರೀಲನ್ನು ಬೆಳಕಿಗೆ ಹಿಡಿದು ತೋರಿಸಿದರು. ಉದ್ದಕ್ಕೂ ಖಾಲಿ. ಅಂಚಿನಲ್ಲಿ ಒಂದರಿಂದ ಮೂವತ್ತಾರರವರೆಗೆ ನಂಬರ್ ಮಾತ್ರ. ನಂಬರ್ ಮೂಡಿದೆ ಅಂದರೆ ತೊಳೆದದ್ದು ಸರಿಯಾಗಿದೆ, ಕ್ಯಾಮೆರಾದೊಳಗೆ ರೀಲು ಸುತ್ತಿಕೊಂಡೇ ಇಲ್ಲ ಎಂದರು. ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿದೆಯೋ ಇಲ್ಲವೋ ನೋಡಿ ಆಮೇಲೆ ಮುಚ್ಚಳ ಹಾಕಬೇಕಿತ್ತು. ನಾನು ಪಿಸ್ತೂಲಿಗೆ ಗುಂಡು ತುಂಬುವ ಸ್ಟೈಲಿನಲ್ಲಿ ಒಂದೇ ಕೈಯಲ್ಲಿ ಟಪ್ಪೆಂದು ಮುಚ್ಚಿ, 'ಮೂವತ್ತಾರು ಗುಂಡು, ಒಂದೂ ಗುರಿ ತಪ್ಪಲ್ಲ' ಎಂದು ಡೈಲಾಗ್ ಹೊಡೆದಿದ್ದೆ. ಅದನ್ನೂ ಅವರಿಗೆ ಹೇಳಿದೆ. ಆಗ ನಕ್ಕರು, ಕೌಂಟರ್ ಹಿಡಿದುಕೊಂಡು.

ಫ್ಲ್ಯಾಷ್‌ಬ್ಯಾಕ್ ಮುಗಿಯಿತು. ಭಾನುವಾರ ಅಜ್ಜಿ ನನ್ನ ಚೀಲ ತಡಕಿದಳು, ಅಮ್ಮ ಹಾಸಿಗೆ ಎತ್ತಿ ನೋಡಿದಳು. ಅಷ್ಟರಲ್ಲಿ ದೊಡ್ಡಜ್ಜಿಯೇ ಬಂದಳು. ಕೊರಳಲ್ಲಿ ಎಂದಿನಂತೆ ಅಳತೆ ಟೇಪು. ಈಗಲೂ ಮನೆಯಲ್ಲಿ ಅಕ್ಕಪಕ್ಕದವರ ಬಟ್ಟೆ ಬಿಗಿಮಾಡಿ ಸಡಿಲಮಾಡಿ ಕೊಡುತ್ತಾಳೆ. ಕುರ್ಚಿ ತೋರಿಸಿದರೆ ನೋಡಲೇ ಇಲ್ಲ. ಇವನು ಫೋಟೋ ಬಚ್ಚಿಟ್ಟಿದ್ದಾನೆ ಎಂದು ಅಜ್ಜಿ ದೂರಿದ್ದೇ ತಡ, ನನ್ನ ಕಿವಿ ದೊಡ್ಡಜ್ಜಿಯ ಕೈಯಲ್ಲಿತ್ತು.

ಜೇಬಿನಿಂದ ಖಾಲಿ ರೀಲು ತೆಗೆದು ಕೊಟ್ಟೆ. "ಅಜ್ಜಿ, ಇದು ತಮಾಷೆ ಅಲ್ಲ. ನಾನೇ ಸರಿಯಾಗಿ ಹಾಕಿರಲಿಲ್ಲ."

ಅಜ್ಜಿ ಅದನ್ನು ಕಿಟಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು. ನನ್ನ ಕಿವಿ ಬಿಡುಗಡೆಯಾಯಿತು.

"ನೋಡೋಕೇನೂ ಇಲ್ಲ ಅಂದ್ಮೇಲೆ ನಾನ್ಯಾಕೆ ನಿಂತಿರ್ಲಿ," ಎಂದಳು ದೊಡ್ಡಜ್ಜಿ.

ಅಜ್ಜಿ ತಿರುಗಲೂ ಇಲ್ಲ. "ಇಷ್ಟುದ್ದ ಇದೆ ನೋಡಕ್ಕ, ಹಾಳಾಗಿದ್ದು."

ಉದ್ದ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅಳೆಯದೆ ಹೋಗುವ ದರ್ಜಿ ಹುಟ್ಟಿಲ್ಲ. ಬಾಗಿಲ ಕಡೆ ಹೊರಟಿದ್ದ ದೊಡ್ಡಜ್ಜಿಯ ಕೈ ತಾನಾಗಿ ಟೇಪಿಗೆ ಹೋಯಿತು. ಸುರುಳಿ ಸುತ್ತುತ್ತಿದ್ದ ರೀಲಿನ ತುದಿಯನ್ನು ಮೇಜಿನ ಮೇಲೆ ನನ್ನ ಹೆಬ್ಬೆರಳ ಕೆಳಗೆ ಒತ್ತಿಸಿ, ಎಳೆದು ಅಳೆದು, ಐವತ್ತೇಳು ಇಂಚು ಎಂದಳು. ಅಜ್ಜಿ ಮಷಿನ್ನಿನ ಡ್ರಾಯರಿನಿಂದ ತನ್ನ ಟೇಪು ತಂದು ಅಳೆದಳು. ಐವತ್ತೆಂಟು.

ಮುಗೀತು, ಪಾರ್ಟ್ ಟೂ ಶುರು ಎಂದುಕೊಂಡೆ. ಅಮ್ಮ ಅಡುಗೆಮನೆಗೆ ನುಸುಳಿದಳು.

ಕೊಡು ಇಲ್ಲಿ ಎಂದು ತಂಗಿ ಅಕ್ಕನ ಟೇಪು ಕಿತ್ತುಕೊಂಡು ಅಳೆದಳು. ಐವತ್ತೇಳು. ಅಕ್ಕ ತಂಗಿಯ ಟೇಪಿನಲ್ಲಿ ಅಳೆದಳು. ಐವತ್ತೆಂಟು. ಆಮೇಲೆ ಇಬ್ಬರೂ ಸೇರಿ ಎರಡೂ ಟೇಪನ್ನು ಮೇಜಿನ ಮೇಲೆ ಒತ್ತೊತ್ತಿಗೆ ಹಾಸಿದರು. ಮೊದಲ ಇಂಚುಗಳು ಜೋಡಿಯಾಗಿಯೇ ಹೊರಟು, ಬರುಬರುತ್ತಾ ಅಕ್ಕನ ಟೇಪು ಹಿಂದೆ ಬೀಳುತ್ತಿತ್ತು. ಅಷ್ಟು ವರ್ಷ ಕೊರಳಲ್ಲಿ ಜೋತಾಡಿ, ಎಳೆಸಿಕೊಂಡು, ಬಟ್ಟೆಯ ಟೇಪು ಹಿಗ್ಗಿಬಿಟ್ಟಿತ್ತು. ತಂಗಿಯ ಟೇಪಿನ ಇಪ್ಪತ್ತನಾಲ್ಕರ ಪಕ್ಕದಲ್ಲಿ ಅಕ್ಕನದು ಇಪ್ಪತ್ತಮೂರೂವರೆ ತೋರಿಸುತ್ತಿತ್ತು.

"ಮಾಸ್ತರರ ತೋಳು ಎಷ್ಟು ಬರೆದಿದ್ದೆ ಅಕ್ಕ?" ಅಜ್ಜಿಯ ದನಿ ಸಣ್ಣದಾಗಿತ್ತು.

"ಇಪ್ಪತ್ತಮೂರೂವರೆ. ಇದೇ ಟೇಪಲ್ಲಿ."

"ನಾನು ಇಪ್ಪತ್ತಮೂರೂವರೆಗೇ ಕತ್ತರಿಸಿದ್ದೆ. ನನ್ನ ಟೇಪಲ್ಲಿ. ಅರ್ಧ ಇಂಚು ಅಲ್ಲೇ ಹೋಯ್ತು."

ದೊಡ್ಡಜ್ಜಿ ತಂಗಿಯ ಮುಖ ನೋಡಿದಳು. "ಹಾಗಾದ್ರೆ ನೀನೂ ತಪ್ಪು ಮಾಡಿಲ್ಲ, ನಾನೂ ಮಾಡಿಲ್ಲ. ಹನ್ನೊಂದು ವರ್ಷ ಕತ್ತೆ ಕಾದಿದ್ದೇವೆ ಕಣೇ."

ಮೊದಲು ಯಾರು ನಕ್ಕರೋ ಹೇಳಲಾರೆ. ದೊಡ್ಡಜ್ಜಿಯಂತೂ ನಿಲ್ಲಲಾಗದೆ ಕುರ್ಚಿಗೆ ಕುಸಿದಳು. ಅಜ್ಜಿ ಅವಳ ಹೆಗಲ ಮೇಲೆ ತಲೆಯಿಟ್ಟು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಫೋಟೋ ಬಂದಿದ್ದರೆ ನೋಡಿ, ಚೆನ್ನಾಗಿದೆ ಎಂದು ಹೇಳಿ, ನಿಂತ ಕಾಲಲ್ಲೇ ಹೋಗುತ್ತಿದ್ದೆ ಎಂದು ದೊಡ್ಡಜ್ಜಿ ತಾನೇ ಒಪ್ಪಿಕೊಂಡಳು. ಆ ಗೋಡೆಯ ಪೆನ್ಸಿಲ್ ಅಳತೆಗಳು ಹೋದದ್ದು ಹೋಯಿತೇ ಎಂದು ಅಜ್ಜಿ ಖಾಲಿ ರೀಲನ್ನು ಸವರಿದಳು. ಅದರಲ್ಲಿ ಅರ್ಧ ತಪ್ಪೇ ಇದ್ದವಲ್ಲ ಬಿಡು ಎಂದಳು ಅಕ್ಕ. ಮತ್ತೆ ಇಬ್ಬರಿಗೂ ನಗು.

ಹೊಟ್ಟೆಗೆ ಊಟ ಬಿದ್ದ ಮೇಲೆ ಇಬ್ಬರಿಗೂ ಹೊಸ ಚಿಂತೆ ಹತ್ತಿತು. ಬ್ಯಾಂಡ್ ಮಾಸ್ತರರು ಇನ್ನೂ ಅಂಗಡಿಯಿದ್ದ ಬೀದಿಯಲ್ಲೇ ಇದ್ದಾರೆ. ಅವರನ್ನು ಕರೆತಂದು ಹೊಸದಾಗಿ ಅಳತೆ ತೆಗೆಯಲೇಬೇಕು, ಅದೂ ಇವತ್ತೇ. ಅವರು ಈಗ ದಪ್ಪಗಾಗಿದ್ದಾರೆ ಎಂದೆ. ತೋಳು ಉದ್ದವಾಗುತ್ತದೇನೋ ದಡ್ಡ ಎಂದು ಇಬ್ಬರೂ ಒಟ್ಟಿಗೆ ಬೈದರು. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಚಪ್ಪಲಿ ಮೆಟ್ಟಿ, ತಂಗಿಯ ತೋಳು ಹಿಡಿದು, ದೊಡ್ಡಜ್ಜಿ ಬೀದಿಗಿಳಿದಳು. ಮಾಸ್ತರರಿಗೆ ವಿಷಯ ನಾನು ಹೇಳುತ್ತೇನೆ ಎಂದು ತಂಗಿ, ಅಳತೆ ತೆಗೆದವಳು ನಾನು, ನಾನೇ ಹೇಳುವುದು ಎಂದು ಅಕ್ಕ. ತಿರುವಿನವರೆಗೂ ಕಿತ್ತಾಟ ಕೇಳಿಸುತ್ತಲೇ ಇತ್ತು.