ಅತ್ತೆಯ ತಂಬೂರಿ ಇಳಿದ ದಿನ

ನನ್ನ ಅತ್ತೆಯ ಕಿವಿಯೆಂದರೆ ನನಗೆ ತಲೆನೋವು. ಅತ್ತೆಯೆಂದರೆ ಅಪ್ಪನ ಅಕ್ಕ. ನಾನು ಹಾಡಲು ಕೂತಾಗಲೆಲ್ಲ ಬೆನ್ನ ಹಿಂದೆ ತಂಬೂರಿ ಮೀಟುವವಳು. ಶ್ರುತಿ ಕೂದಲೆಳೆಯಷ್ಟು ಆಚೀಚೆಯಾದರೂ ಕಚೇರಿ ಶುರುಮಾಡಲು ಬಿಡಳು. ಅವಳ ತಂಬೂರಿಯ ಶ್ರುತಿ ಇಳಿದದ್ದನ್ನು ಕೇಳಿದವರೇ ಇಲ್ಲ. ಅವಳಿಗಿದ್ದ ಜಂಬ ಅದೊಂದೇ.

ಆ ರೋಗ ನನಗೂ ಅಂಟಿತ್ತು. ಒಂದು ಸ್ವರ ಸೊಟ್ಟಗಾದರೆ ಊಟ ಸೇರುತ್ತಿರಲಿಲ್ಲ. ಹೋದ ವರ್ಷ ಇದೇ ಸಭಾಂಗಣದಲ್ಲಿ ಸಾಲು ಮರೆತು, ನಡುವೆಯೇ ಎದ್ದು ಓಡಿದ್ದೆ. ಈ ಸಲವೂ ಹಾಗಾದರೆ ಹಾಡುವುದನ್ನೇ ಬಿಡುತ್ತೇನೆಂದು ಅತ್ತೆಗೆ ಹೇಳಿಯೇ ವೇದಿಕೆ ಹತ್ತಿದೆ.

"ಆಯ್ತು ತಾಯಿ, ಮೊದ್ಲು ನೀರು ಕುಡಿ" ಅಂದಳು.

ಅರ್ಧ ಕಚೇರಿ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದು ಹಾಡಿನ ಚರಣಕ್ಕೆ ಬಂದೆ, ತಲೆ ಖಾಲಿ! ಹಿಂದಿನ ಸಾಲನ್ನೇ ಮತ್ತೆ ಹಾಡಿದೆ. ಇನ್ನೊಮ್ಮೆ ಹಾಡಿದೆ. ಪಿಟೀಲಿನವರು ನನ್ನ ಮುಖ ನೋಡಿದರು. ಏಳಲು ಕೈಯೂರಿದೆ.

ಅಷ್ಟರಲ್ಲಿ ಹಿಂದಿನಿಂದ ಝೊಂಯ್ ಎಂದು ತಂತಿ ಇಳಿಯಿತು. ಥೂ, ಎಂಥ ಅಪಸ್ವರ! ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಕ್ಷಮಿಸ್ಬೇಕು, ನನ್ನ ಕೈ ಜಾರ್ತು" ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದಳು.

ಕಚೇರಿ ನಿಂತಿತು. ಅವಳು ಬೇಕಾದಷ್ಟು ಹೊತ್ತು ತಂತಿ ಬಿಗಿಯುವ ಬಿರಡೆ ತಿರುಗಿಸಿದಳು. ಹಾಗೆ ಬಾಗಿದವಳು ನನ್ನೊಬ್ಬಳಿಗೇ ಕೇಳುವಂತೆ ಚರಣದ ಮೊದಲ ಪದ ಪಿಸುಗುಟ್ಟಿದಳು. "ಉಸಿರು ಬಿಡೇ, ಪೆದ್ದಿ."

ಬಿಟ್ಟೆ. ಸಾಲು ಬಂತು. ಕೊನೆಯತನಕ ಹಾಡಿದೆ, ಒಂದೆರಡು ಕಡೆ ಸೊಟ್ಟಗೂ ಹಾಡಿದೆ. ಯಾರ ಗಂಟೂ ಹೋಗಲಿಲ್ಲ.

ಮುಗಿದ ಮೇಲೆ ಸಭೆಯ ಕಾರ್ಯದರ್ಶಿ ಬಂದರು. "ಭೇಷ್! ತಂಬೂರಿಯೊಂದು ಕೈಕೊಡ್ದೇ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಪಾಪ, ಇವ್ರಿಗೂ ವಯಸ್ಸಾಯ್ತಲ್ಲ. ಮುಂದಿನ ಸಲ ಬೇರೆ ಯಾರನ್ನಾದ್ರೂ ಕೂರ್ಸೋಣ."

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ತೋಳು ಚಿವುಟಿ, "ಹೌದು ಸಾರ್, ವಯಸ್ಸಾಯ್ತು" ಎಂದಳು.

ಅವರು ಬಾಗಿಲ ಕಡೆ ತಿರುಗಿದಾಗ ಮೆಲ್ಲಗೆ ಕೇಳಿದೆ: "ಬೇಕಂತ್ಲೇ ಇಳಿಸ್ದೆ, ಅಲ್ವಾ ಅತ್ತೆ?"

"ಮತ್ತೆ? ನನ್ನ ತಂಬೂರಿ ತಾನಾಗಿ ಇಳಿಯುತ್ತಾ?" ಎಂದು ಗದರಿದಳು.

ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಹೆಸರನ್ನು ನನಗೋಸ್ಕರ ತುಂಬಿದ ಸಭೆಯಲ್ಲಿ ಕಳೆದುಕೊಂಡಿದ್ದಳು. ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತುಬಿಟ್ಟೆ. ಆಮೇಲೆ ಕಾರ್ಯದರ್ಶಿಯನ್ನು ಕೂಗಿದೆ.

"ಸಾರ್, ಮುಂದಿನ ಸಲಾನೂ ನಾನು ಹಾಡ್ತೀನಿ. ಹಿಂದೆ ನಮ್ಮತ್ತೇನೇ ಕೂರ್ತಾಳೆ."