ಇಮೊಜೀನಳ ಖಾಲಿ ಪಾತ್ರೆ

ನಮ್ಮ ಮಿಸಿಸಿಪ್ಪಿಯ ಹಳ್ಳಿಗಳಲ್ಲಿ ಸಾವಿನ ಮನೆಗೆ ಅಡುಗೆ ಕಳಿಸಿದವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಏನಾದರೂ ಮಾಡಿ, ತುಂಬಿಯೇ ಕೊಡಬೇಕು. ಖಾಲಿ ಕೊಟ್ಟರೆ ಮುಖಕ್ಕೆ ಉಗಿದಂತೆ. ಅದು ಚೆನ್ನಾಗಿ ಗೊತ್ತಿದ್ದೇ ನಾನು ಇಮೊಜೀನಳ ಪಾತ್ರೆಗೆ ಏನೂ ಹಾಕದೆ, ಮೇಲೆ ಅಲ್ಯೂಮಿನಿಯಂ ಹಾಳೆ ಬಿಗಿದು, ಒಳಗೆ ಕೇಕ್ ಇದೆ ಎಂದು ಗಂಡನನ್ನು ನಂಬಿಸಿ, ತೊಡೆಯ ಮೇಲಿಟ್ಟುಕೊಂಡು ಟ್ರಕ್ ಹತ್ತಿದೆ.

ಅತ್ತೆ ತೀರಿಕೊಂಡಾಗ ಬಂದ ಪಾತ್ರೆಗಳಲ್ಲಿ ಉಳಿದದ್ದು ಅದೊಂದೇ. ತಳದಲ್ಲಿ ಅಂಟಿಸಿದ ಪಟ್ಟಿಯ ಮೇಲೆ ಇಮೊಜೀನಳ ಹೆಸರು, ದುಂಡು ಅಕ್ಷರದಲ್ಲಿ. ನನ್ನ ಗಂಡ ರಾಯ್ಸ್ ಹರೆಯದಲ್ಲಿ ಒಂದು ಬೇಸಿಗೆಯಿಡೀ ಅವಳನ್ನು ತನ್ನ ಹಸಿರು ಟ್ರಕ್ಕಿನಲ್ಲಿ ತಿರುಗಾಡಿಸಿದ್ದನಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಇಷ್ಟು ಹೇಳಿ ಬಾಯಿ ಹೊಲಿದುಕೊಂಡ. ಉಳಿದದ್ದನ್ನು ನಾನೇ ಕಲ್ಪಿಸಿಕೊಂಡು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡಿದ್ದೇನೆ.

"ಅಂಚೇಲಿ ಕಳ್ಸಿದ್ರೆ ಆಗಲ್ವಾ?" ಎಂದು ಕೇಳಿದ್ದೆ.

"ಗಾಜಿಂದು ಕಣೇ ವೆರ್ನಾ, ಒಡ್ದು ಹೋಗುತ್ತೆ. ನಾನೇ ಹೋಗಿ ಕೊಟ್ಟು ಬರ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ."

ದೊಡ್ಡ ಹೆದ್ದಾರಿಯಲ್ಲಿ ಹೋದರೆ ಬೇಗ ಮುಟ್ಟಬಹುದಿತ್ತು. ರಾಯ್ಸ್ ಹಳೆಯ ಹೆದ್ದಾರಿ ಹಿಡಿದ. ಚರ್ಚಿಗೆ ಮೀಸಲಾದ ಅಂಗಿ ತೊಟ್ಟಿದ್ದ, ಗಡ್ಡ ನುಣ್ಣಗೆ ಹೆರೆದಿದ್ದ. ನನ್ನ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ. ರಸ್ತೆಯ ಎರಡೂ ಬದಿ ಕುಡ್ಜು ಬಳ್ಳಿ ವಿದ್ಯುತ್ ಕಂಬಗಳನ್ನೂ ಪಾಳು ಮನೆಗಳನ್ನೂ ನುಂಗಿ ಹಸಿರಾಗಿ ಕೂತಿತ್ತು. ಹತ್ತಿ ಹೊಲಗಳಲ್ಲಿ ಹೂವು ಬಿಟ್ಟಿತ್ತು. ಪೈನಿ ಫೋರ್ಕ್ ಎಂಬ ಊರು ಬಂತು, ಹೋಯಿತು. ಆಮೇಲೆ ಶೈಲೋ ಸ್ಪ್ರಿಂಗ್ಸ್. ಎದುರು ಬಂದ ಪ್ರತಿ ಟ್ರಕ್ಕಿಗೂ ರಾಯ್ಸ್ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕರಿಸುತ್ತಿದ್ದ. ಸೇತುವೆ ಬಂದಾಗ ತಾನಾಗಿ ನಿಧಾನ ಮಾಡಿ ಕೆಳಗಿನ ಹೊಳೆ ನೋಡುತ್ತಿದ್ದ. ಇಲ್ಲೇ ಕೈ ಹಿಡಿದಿರಬೇಕು, ಅಲ್ಲಿ ಆ ಮರದ ಕೆಳಗೆ ಮುತ್ತು ಕೊಟ್ಟಿರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನಗೆ ಇಡೀ ರಸ್ತೆಯೇ ಹಳದಿಯಾಗಿತ್ತು.

ಒಂದು ಹಣ್ಣಿನ ಅಂಗಡಿಯ ಮುಂದೆ ನಿಲ್ಲಿಸಿ, ಒಂದೊಂದನ್ನೂ ಮೂಸಿ ಆರಿಸಿ, ಒಂದು ಬುಟ್ಟಿ ಪೀಚ್ ಹಣ್ಣು ತಂದ.

"ಯಾರಿಗೆ ಇದು?"

"ತಿನ್ನೋಕೆ."

"ಯಾರು ತಿನ್ನೋಕೆ?"

ಅವನು ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟ. "ಕೇಕ್ ಭಾರ ಇದ್ರೆ ಸೀಟಿನ ಮೇಲಿಡು," ಎಂದ.

"ಪರವಾಗಿಲ್ಲ," ಎಂದು ಪಾತ್ರೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಅವಳು ಹಾಳೆ ಬಿಚ್ಚುವ ಗಳಿಗೆಯನ್ನು ನೆನೆಸಿಕೊಂಡರೆ ಹೊಟ್ಟೆಗೆ ಹಾಲು ಕುಡಿದಷ್ಟು ತಂಪಾಗುತ್ತಿತ್ತು.

ಇಮೊಜೀನ್ ತನ್ನ ಮನೆಯ ಜಗಲಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದಳು. ಈ ವಯಸ್ಸಿನಲ್ಲೂ ಅವಳು ಚೆಂದ ಇದ್ದಳು, ಹಾಳಾದವಳು. ರಾಯ್ಸ್ ಟೋಪಿ ತೆಗೆದು ಮೆಟ್ಟಿಲ ಬಳಿ ನಿಂತ.

"ಯಾರಪ್ಪಾ?"

"ನಾನು, ರಾಯ್ಸ್. ರಾಯ್ಸ್ ಪಕೆಟ್."

ಅವಳು ಬೀಸುವುದನ್ನು ನಿಲ್ಲಿಸಿದಳು. "ಪಕೆಟ್? ನಮ್ ಡಾಲ್ಟನ್ ತಮ್ಮನಾ? ಅಯ್ಯೋ, ಡಾಲ್ಟನ್ ಹೇಗಿದಾನೆ? ತೀರ್ಕೊಂಡಿದ್ದು ಅವನ ಅಮ್ಮ ಅಂತ್ಲೇ ನಾನು ಆ ಕೋಳಿ ಮಾಡಿ ಕಳ್ಸಿದ್ದು."

"ಚೆನ್ನಾಗಿದಾನೆ. ಟೆಕ್ಸಾಸ್‌ನಲ್ಲಿದಾನೆ."

"ಒಂದು ಬೇಸಿಗೆ ನಾವಿಬ್ರೂ ಈ ರಸ್ತೆ ಪೂರ್ತಿ ಸುತ್ತಿದ್ವಿ ಕಣಪ್ಪ. ಹಸಿರು ಟ್ರಕ್ಕು. ನಾವು ಹಿಂದುಗಡೆ ಕಾಲು ಇಳಿಬಿಟ್ಕೊಂಡು ಕೂತಿರ್ತಿದ್ವಿ. ಓಡ್ಸೋಕೆ ಯಾರೋ ಒಬ್ಬ ಹುಡುಗ ಇದ್ದ, ನಿಮ್ಮನೆ ಆಳೇನೋ."

"ನಾನೇ ಓಡಿಸ್ತಿದ್ದದ್ದು," ಎಂದ ರಾಯ್ಸ್.

"ಹೌದಾ? ಮುಖ ನೋಡಿದ ನೆನಪೇ ಇಲ್ವಲ್ಲಪ್ಪ. ಬರೀ ಬೆನ್ನು ನೆನಪಿದೆ."

ನಾನು ಕುಣಿದಾಡಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು. ನಾನು ಹಗಲೂ ರಾತ್ರಿ ಕಾವಲು ಕಾದ ಗಂಡಸನ್ನು ಇವಳು ತಿರುಗಿಯೂ ನೋಡಿರಲಿಲ್ಲ. ಅವನೋ, ಕನ್ನಡಿಯಲ್ಲಿ ಇವಳನ್ನೇ ನೋಡುತ್ತ ಅಷ್ಟು ದೂರ ಓಡಿಸಿದ್ದ. ಎರಡಕ್ಕೂ ನನಗೆ ಸಂಕಟವಾಯಿತು.

ರಾಯ್ಸ್ ನನ್ನ ಕಡೆ ತಿರುಗಿದ. "ವೆರ್ನಾ ನಿಮ್ಗೆ ಅಂತ ಕೇಕ್ ಮಾಡಿದಾಳೆ," ಎನ್ನುತ್ತ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡ. ತೆಗೆದುಕೊಂಡ ಕೂಡಲೇ ಅದು ತೀರ ಹಗುರ ಎಂಬುದು ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಇಮೊಜೀನ್ ಕೈ ಚಾಚಿ ಅದನ್ನು ತೆಗೆದುಕೊಂಡು ಹಾಳೆ ಬಿಚ್ಚಿಯಾಗಿತ್ತು. ಅವಳು ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. ರಾಯ್ಸ್‌ನ ಕಿವಿ ಕೆಂಪಾಯಿತು.

"ಮಾಡಿದ್ದೆ ಕಣಮ್ಮ," ಎಂದೆ. "ಕ್ಯಾರಮೆಲ್ ಕೇಕು. ಬರ್ತಾ ದಾರೀಲಿ ಈ ಪುಣ್ಯಾತ್ಮ ಪೂರ್ತಿ ಮುಗಿಸ್ಬಿಟ್ಟ. ನಾನು ಮಾಡಿದ್ದು ಅಂದ್ರೆ ಇವ್ನಿಗೆ ಬೇರೆಯವ್ರಿಗೆ ಬಿಡೋಕೆ ಮನಸ್ಸೇ ಬರಲ್ಲ."

"ಅಷ್ಟೂ? ಪಾತ್ರೆ ತೊಳ್ದ ಹಾಗಿದೆಯಲ್ಲ."

"ನೆಕ್ತಾನೆ."

ರಾಯ್ಸ್ ನನ್ನನ್ನೇ ನೋಡಿದ. ಆಮೇಲೆ ಮುಂಗೈಯಿಂದ ಮೆಲ್ಲಗೆ ಬಾಯಿ ಒರೆಸಿಕೊಂಡು, "ತಪ್ಪಾಯ್ತಮ್ಮ," ಎಂದ.

ಇಮೊಜೀನ್ ನಕ್ಕಳು. ನಗುತ್ತ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. "ನನ್ ಗಂಡ ನಾನು ಮಾಡಿದ್ದನ್ನ ಒಂದಿನಾನೂ ಚೆನ್ನಾಗಿದೆ ಅನ್ಲಿಲ್ಲ," ಎಂದಳು. ಅವಳ ಕಣ್ಣಲ್ಲಿ ಹೊಟ್ಟೆಕಿಚ್ಚು ಸಣ್ಣಗೆ ಇಣುಕಿತು. ಅದರ ಗುರುತು ನನಗಿಂತ ಚೆನ್ನಾಗಿ ಯಾರಿಗಿದೆ?

ಬರುವಾಗಲೂ ಹಳೆಯ ಹೆದ್ದಾರಿಯಲ್ಲೇ ಬಂದೆವು. ಪೀಚ್ ಬುಟ್ಟಿ ಟ್ರಕ್ಕಿನಲ್ಲೇ ಉಳಿದಿತ್ತು. ಅವನು ಅದನ್ನು ನನ್ನ ತೊಡೆಯ ಮೇಲಿಟ್ಟ. ಸೇತುವೆ ದಾಟಿದ ಮೇಲೆ ಕೇಳಿದ:

"ಯಾವ ಕೇಕ್ ಅಂದೆ?"

"ಕ್ಯಾರಮೆಲ್."

ಎದುರು ಬಂದ ಟ್ರಕ್ಕಿಗೆ ಅವನು ಬೆರಳೆತ್ತಿದ. "ಚೆನ್ನಾಗಿತ್ತು ಕಣೇ," ಎಂದ.

"ನನಗೂ ಒಂದು ಚೂರು ಉಳಿಸ್ಬೇಕಿತ್ತು," ಎಂದೆ.